ಉಪನ್ಯಾಸ ಬಂತು, ಪ್ರಶ್ನೆ ಹೋಗಲಿಲ್ಲ

ಆರು ನೂರು ವರ್ಷಗಳ ಹಿಂದೆ ಕಲಬುರಗಿಯಲ್ಲಿ ಒಬ್ಬ ಸುಲ್ತಾನ ಮೇಷ್ಟರಿಕೆ ಮಾಡುತ್ತಿದ್ದ. 1397ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಷಾ ಬಹಮನಿ ವಾರದಲ್ಲಿ ಮೂರು ದಿನ ತಾನೇ ಕುಳಿತು ಗಣಿತ, ಜ್ಯಾಮಿತಿಗಳ ಪಾಠ ಹೇಳುತ್ತಿದ್ದನೆಂದೂ, ಹಗಲೆಲ್ಲ ರಾಜ್ಯದ ಕೆಲಸದಲ್ಲೇ ಕಳೆದರೆ ಪಾಠವನ್ನು ರಾತ್ರಿಗೆ ಇಟ್ಟುಕೊಳ್ಳುತ್ತಿದ್ದನೆಂದೂ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಸಂಜೆಯ ಕೂಟಗಳಲ್ಲಿ ವಿದ್ವಾಂಸರು ಅರಸನೆಂಬ ಅಂಜಿಕೆ ಬಿಟ್ಟು ಮಾತಾಡಬಹುದಿತ್ತಂತೆ. ಫರಿಷ್ತಾ ಇದನ್ನೆಲ್ಲ ಬರೆದದ್ದು ಎರಡು ಶತಮಾನ ಕಳೆದ ಮೇಲೆ, ಪಕ್ಕದ ವಿಜಯಪುರದಲ್ಲಿ ಕುಳಿತು. ಅರಸರನ್ನು ಹೊಗಳುವಾಗ ಅವನ ಕೈ ಕೊಂಚ ಧಾರಾಳ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೂ ಈ ಸುಲ್ತಾನನಿಗೆ ಲೆಕ್ಕ, ನಕ್ಷತ್ರಗಳ ಹುಚ್ಚು ಇದ್ದದ್ದು ಸುಳ್ಳಲ್ಲ. 1407ರಲ್ಲಿ ದೌಲತಾಬಾದಿನಲ್ಲಿ ವೀಕ್ಷಣಾಲಯ ಕಟ್ಟಿಸಲು ಹೊರಟವನು ಅವನೇ. ಮೇಲ್ವಿಚಾರಣೆಯ ಪಂಡಿತ ತೀರಿಕೊಂಡ ಕಾರಣ ಅದು ಅರ್ಧಕ್ಕೇ ನಿಂತಿತು.

ಅದೇ ಕಾಲದಲ್ಲಿ ಊರಿಗೆ ಬಂದವರು ಖ್ವಾಜಾ ಬಂದೇ ನವಾಜ್ ಗೇಸುದರಾಜ್. ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು ಗುಜರಾತಿನ ಮಾರ್ಗವಾಗಿ ದಖ್ಖನ್ನಿಗೆ ಇಳಿದ ಅವರು 1422ರಲ್ಲಿ ತೀರಿಕೊಳ್ಳುವವರೆಗೂ ಕಲಬುರಗಿಯಲ್ಲೇ ಉಳಿದರು. ಅವರು ಕೂಟಗಳಲ್ಲಿ ಆಡಿದ ಮಾತುಗಳನ್ನು ಮಗ ಸೈಯದ್ ಅಕ್ಬರ್ ಹುಸೈನಿ ಬರೆದಿಟ್ಟುಕೊಂಡರು. ಆ ಗ್ರಂಥದ ಹೆಸರು 'ಜವಾಮಿ ಉಲ್ ಕಲಿಮ್'. ಸೂಫಿಗಳಲ್ಲಿ ಇಂಥ ಬರಹಕ್ಕೆ ಮಲ್ಫೂಜಾತ್ ಎನ್ನುತ್ತಾರೆ. ಒಬ್ಬರು ಏನೋ ಕೇಳುತ್ತಾರೆ, ಗುರು ಉತ್ತರಿಸುತ್ತಾರೆ, ಉತ್ತರದಿಂದ ಇನ್ನೊಂದು ಪ್ರಶ್ನೆ ಏಳುತ್ತದೆ. ಬಸವಕಲ್ಯಾಣದ ಕಡೆ ಹೊರಳಿದರೆ ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ 'ಶೂನ್ಯಸಂಪಾದನೆ'ಯೂ ಹೀಗೆ ಸಂವಾದವಾಗಿಯೇ ನಿಂತಿದೆ. ಅಲ್ಲಮನ ಎದುರು ಬಂದವರೆಲ್ಲ ಕೇಳಿಯೇ ಮುಂದೆ ಹೋಗುವವರು, ಇಲ್ಲವೆ ಅವನಿಂದ ಕೇಳಿಸಿಕೊಂಡು ಹೋಗುವವರು.

ಇನ್ನೂ ಹಿಂದಕ್ಕೆ, ಕಲಬುರಗಿಯಿಂದ 40 ಕಿಲೋಮೀಟರ್ ಆಸುಪಾಸಿನ ಮಳಖೇಡಕ್ಕೆ ಹೋದರೆ ಒಂದೇ ಆಸ್ಥಾನದಲ್ಲಿ ಎರಡು ಪುಸ್ತಕ ಸಿಗುತ್ತವೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡವೆಂಬ ನುಡಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂದು ಚರ್ಚಿಸುತ್ತದೆ. ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ' ಖಗೋಳದ ಹಂಗು ತೊರೆದು ಬರೀ ಲೆಕ್ಕಕ್ಕಾಗಿ ಲೆಕ್ಕ ಹೇಳುತ್ತದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಆತ ಖಚಿತವಾಗಿ ಬರೆದಿದ್ದಾನೆ. ನುಡಿಯ ವಿಚಾರ, ಲೆಕ್ಕದ ವಿಚಾರ ಎರಡೂ ಕಾಗಿಣಾ ದಂಡೆಯಲ್ಲಿ ಅಕ್ಕಪಕ್ಕ ಕುಳಿತಿದ್ದವು. ಇವೆರಡೂ ಒಂದಾಗಿ ಪ್ರೋಗ್ರಾಮಿಂಗ್ ಭಾಷೆ ಎಂಬ ಮೂರನೆಯ ಪದಾರ್ಥ ಹುಟ್ಟಲು ಸಾವಿರದ ನೂರು ವರ್ಷ ಬೇಕಾಯಿತು, ಅದೂ ಬೇರೆ ಖಂಡದಲ್ಲಿ.

ಹುಟ್ಟಿದ ಮೇಲೆ ಅದು ಹರಡಿದ್ದು ಹೇಗೆ ಎಂಬುದೇ ಈ ಬರಹದ ವಿಷಯ.

ಕಂಪ್ಯೂಟರ್ ಭಾಷೆಗಳು ಪುಸ್ತಕದಿಂದ ಹರಡಿದವು, ಕಂಪನಿಗಳು ಹೇರಿದ್ದರಿಂದ ಹರಡಿದವು ಎಂದು ಸಾಮಾನ್ಯವಾಗಿ ನಂಬುತ್ತಾರೆ. ಅರ್ಧ ನಿಜ. ಉಳಿದರ್ಧ ಬಾಯಿಮಾತಿನದು. ಐಬಿಎಂನ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ಲೋಕಕ್ಕೆ ಪರಿಚಯಿಸಿದ್ದು 1957ರ ಫೆಬ್ರುವರಿಯಲ್ಲಿ, ಲಾಸ್ ಏಂಜಲೀಸಿನ ಒಂದು ಸಮ್ಮೇಳನದಲ್ಲಿ. ಯಂತ್ರವೇ ಬರೆದ ಕೋಡು ಮನುಷ್ಯ ಕೈಯಲ್ಲಿ ಬರೆದಷ್ಟು ಚುರುಕಾಗಿರಲಾರದು ಎಂದು ಗೊಣಗುತ್ತಿದ್ದ ಜನರ ಎದುರು ನಿಂತು ಅವರು ಉತ್ತರ ಕೊಡಬೇಕಾಯಿತು. ಕೋಬಾಲ್ ಭಾಷೆಯ ಹಿಂದಿನ ಪ್ರೇರಣೆಯಾಗಿದ್ದ ಗ್ರೇಸ್ ಹಾಪರ್ ಅಂತೂ ಭಾಷಣದ ಕಲೆಯಲ್ಲಿ ಎತ್ತಿದ ಕೈ. ಸುಮಾರು ಒಂದು ಅಡಿ ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚಿ, ವಿದ್ಯುತ್ತು ಒಂದು ನ್ಯಾನೊಸೆಕೆಂಡಿನಲ್ಲಿ ಓಡಬಹುದಾದ ದೂರ ಇಷ್ಟೇ ಎಂದು ತೋರಿಸುತ್ತಿದ್ದರು. 1986ರಲ್ಲಿ ನೌಕಾದಳದಿಂದ ನಿವೃತ್ತರಾದ ಮೇಲೆ ಟೀವಿಯ ಲೆಟರ್‌ಮನ್ ಸಂದರ್ಶನದಲ್ಲೂ ಅದೇ ತಂತಿ ಅವರ ಕೈಯಲ್ಲಿತ್ತು. ಆಗ ಅವರಿಗೆ 79 ವರ್ಷ. 1978ರಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಇತಿಹಾಸಕ್ಕೆಂದೇ ಒಂದು ಸಮ್ಮೇಳನ ನಡೆದು, ಭಾಷೆಗಳನ್ನು ಕಟ್ಟಿದವರೇ ಬಂದು ತಾವು ಯಾಕೆ ಹಾಗೆ ಮಾಡಿದೆವು ಎಂದು ಹೇಳಿಕೊಂಡರು. ಹಾಗೆ ಮಾಡಬಾರದಿತ್ತು ಎಂದವರೂ ಇದ್ದರು. ಬ್ಯಾಕಸ್ ಅದಕ್ಕೆ ಒಂದು ವರ್ಷ ಮೊದಲೇ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ, ತಾನು ಹುಟ್ಟುಹಾಕಿದ ಬಗೆಯ ಭಾಷೆಗಳನ್ನೇ ಕಟುವಾಗಿ ಟೀಕಿಸಿ ಬೇರೆ ದಾರಿ ಸೂಚಿಸಿದ್ದರು.

ಭಾರತದಲ್ಲಿ ಈ ಬಾಯಿಮಾತಿನ ಪಾಠ ಶುರುವಾದದ್ದು ಕಾನ್ಪುರದಲ್ಲಿ. 1963ರಲ್ಲಿ ಅಲ್ಲಿನ ಐಐಟಿಗೆ ಐಬಿಎಂ 1620 ಯಂತ್ರ ಬಂದ ಮೇಲೆ ದೇಶದ ಮೂಲೆಮೂಲೆಯ ವಿಜ್ಞಾನಿ, ಎಂಜಿನಿಯರುಗಳನ್ನು ಕರೆಸಿ ಹತ್ತು ದಿನಗಳ ಫೋರ್ಟ್ರಾನ್ ಶಿಬಿರಗಳನ್ನು ನಡೆಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಲ್ಲಿಗೆ ಹೋಗಿದ್ದ ವಿ. ರಾಜಾರಾಮನ್ ಈ ಶಿಬಿರಗಳ ಮುಖ್ಯ ಮೇಷ್ಟರಲ್ಲೊಬ್ಬರು. ಪಾಠದ ಟಿಪ್ಪಣಿಗಳೇ ಪುಸ್ತಕವಾದವು, ಆ ಪುಸ್ತಕಗಳಲ್ಲೇ ಎರಡು ತಲೆಮಾರಿನ ಭಾರತೀಯರು ಪ್ರೋಗ್ರಾಮಿಂಗ್ ಕಲಿತರು. 1982ರಲ್ಲಿ ಅವರು ಬೆಂಗಳೂರಿಗೇ ಮರಳಿದರು.

ಕಲಬುರಗಿಯ ಕಾಲಗಣನೆ ಬೇರೆ. ನಿಜಾಮರ ರಾಜ್ಯದಲ್ಲಿ ಮೇಲಿನ ಓದು ಉರ್ದುವಿನಲ್ಲಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದನ್ನು ಮಾಧ್ಯಮ ಮಾಡಿಕೊಂಡ ಮೊದಲ ಆಧುನಿಕ ವಿಶ್ವವಿದ್ಯಾಲಯ. ಅನುವಾದಕ್ಕೆಂದೇ ಒಂದು ಇಲಾಖೆ ತೆರೆದು ಗಣಿತ, ವೈದ್ಯ, ಎಂಜಿನಿಯರಿಂಗುಗಳನ್ನೆಲ್ಲ ಉರ್ದುವಿಗೆ ತಂದರು. ಅದು ದೊಡ್ಡ ಸಾಹಸವೇ, ಅನುಮಾನವಿಲ್ಲ. ಆದರೆ ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆಯ ಒಕ್ಕಲುಮಗನಿಗೆ ಇಂಗ್ಲಿಷಿನಷ್ಟೇ ಆ ಉರ್ದುವೂ ಮೆಟ್ಟಿಲು ಹತ್ತಿ ಹೋಗಬೇಕಾದ ಭಾಷೆಯಾಗಿತ್ತು. 1928ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ಸೇರಿದಾಗ ಅಧ್ಯಕ್ಷರಾಗಿದ್ದವರು ಬಿ.ಎಂ. ಶ್ರೀಕಂಠಯ್ಯ. ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಉರ್ದು ಆಡಳಿತದ ಊರಿನಲ್ಲಿ ಕನ್ನಡದ ಪರವಾಗಿ ನಿಂತ ಸಭೆ ಅದು. ಸಮ್ಮೇಳನ ಆಮೇಲೆ 1949, 1987 ಮತ್ತು 2020ರಲ್ಲಿ ಮತ್ತೆ ಇಲ್ಲಿಗೆ ಬಂತು. ಭಾಷೆಯ ಬಗ್ಗೆ ಪೆಂಡಾಲಿನಡಿ ಕುಳಿತು ಮೂರು ದಿನ ಕೇಳುವುದು ಈ ಊರಿಗೆ ಹೊಸತೇನಲ್ಲ.

1948ರಲ್ಲಿ ಹೈದರಾಬಾದ್ ಸಂಸ್ಥಾನ ವಿಲೀನವಾಯಿತು, 1956ರಲ್ಲಿ ಜಿಲ್ಲೆ ಕನ್ನಡನಾಡಿಗೆ ಸೇರಿತು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳುತನದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಅದೇ ವರ್ಷ, ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರು ಹೊತ್ತ ಎಂಜಿನಿಯರಿಂಗ್ ಕಾಲೇಜೂ ಶುರುವಾಯಿತು. ಊರವರ ಬಾಯಲ್ಲಿ ಅದು ಪಿಡಿಎ ಕಾಲೇಜು. ಫೋರ್ಟ್ರಾನ್ ಸಾರ್ವಜನಿಕವಾದದ್ದು 1957, ಲಿಸ್ಪ್ ಮತ್ತು ಆಲ್ಗಾಲ್ ಭಾಷೆಗಳ ಕೆಲಸ ಆರಂಭವಾದದ್ದು 1958. ವಯಸ್ಸಿನ ಲೆಕ್ಕದಲ್ಲಿ ಕಾಲೇಜೂ ಈ ಭಾಷೆಗಳೂ ಓರಗೆಯವೇ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 1998ರಲ್ಲಿ ಬೆಳಗಾವಿ ಕೇಂದ್ರದ ವಿಟಿಯು, 2009ರಲ್ಲಿ ಆಳಂದ ರಸ್ತೆಯ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ, ಹೀಗೆ ಓದಿನ ಮನೆಗಳು ಒಂದೊಂದಾಗಿ ಎದ್ದವು.

ಈ ಭಾಗದಲ್ಲಷ್ಟೇ ಏಕೆ, ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ತಲೆಮಾರು ಕಂಡ ಪ್ರೋಗ್ರಾಮಿಂಗ್ ಎಂದರೆ ಟರ್ಬೊ ಸಿ. ನೀಲಿ ಪರದೆ, ಮೇಲೆ ಮೆನು, ಕೆಳಗೆ ಫಂಕ್ಷನ್ ಕೀಗಳ ಪಟ್ಟಿ. ಬೋರ್ಲಂಡ್ ಕಂಪನಿ ಅದನ್ನು 1987ರಲ್ಲಿ ಬಿಟ್ಟಿತು. ಕಂಪನಿಯೇ ಮರೆತ ಮೇಲೂ ನಮ್ಮ ಲ್ಯಾಬುಗಳು ಅದನ್ನು ಬಿಡಲಿಲ್ಲ. ಪೂರ್ಣಾಂಕವೆಂದರೆ ಎರಡು ಬೈಟು, ಅದರ ಮೇಲ್ಮಿತಿ 32,767 ಎಂದು ಯಶವಂತ ಕಾನೇಟ್ಕರರ 'ಲೆಟ್ ಅಸ್ ಸಿ' ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವರು ಲಕ್ಷಾಂತರ. ಮನೆಯಲ್ಲಿದ್ದ ಯಂತ್ರದಲ್ಲಿ ಅದಾಗಲೇ ನಾಲ್ಕು ಬೈಟಾಗಿ ಎಷ್ಟೋ ವರ್ಷವಾಗಿತ್ತು. ಜೆರಾಕ್ಸ್ ನೋಟ್ಸು, ಸೀನಿಯರುಗಳ ರೆಕಾರ್ಡು, ವೈವಾದಲ್ಲಿ ಕೇಳುವ ಹತ್ತು ಪ್ರಶ್ನೆ, ಇಷ್ಟರಲ್ಲಿ ಭಾಷೆಯ ಸಂಸಾರ ಮುಗಿಯುತ್ತಿತ್ತು. ಆ ಭಾಷೆಯನ್ನು ಮಾಡಿದವನು ಬದುಕಿದ್ದಾನೆ, ಅವನನ್ನು ಕೇಳಬಹುದು ಎಂಬ ಯೋಚನೆ ಯಾರಿಗೆ ಬಂದೀತು?

ಆ ಯೋಚನೆ ಬೆಂಗಳೂರಿಗೆ ಬಂದಿತ್ತು. ರಿಕ್ ಬ್ರಿಗ್ಸ್ ಎಂಬ ಸಂಶೋಧಕ 1985ರಲ್ಲಿ ಸಂಸ್ಕೃತ ವ್ಯಾಕರಣಕ್ಕೂ ಕೃತಕ ಬುದ್ಧಿಮತ್ತೆಗೂ ನಂಟು ಹಚ್ಚಿ ಲೇಖನ ಬರೆದ ಬೆನ್ನಿಗೇ, 1986ರ ಡಿಸೆಂಬರಿನಲ್ಲಿ ಬೆಂಗಳೂರು ಆ ವಿಷಯದ ಸಮ್ಮೇಳನ ನಡೆಸಿತು. ಪಂಡಿತರೂ ಕಂಪ್ಯೂಟರಿನವರೂ ಎದುರಾಬದುರು ಕುಳಿತ ಸಭೆ ಅದು. ಕಂಪ್ಯೂಟರಿಗೆ ಸಂಸ್ಕೃತವೇ ಅತ್ಯುತ್ತಮ ಎಂಬ ವಾಟ್ಸ್ಆ್ಯಪ್ ಐತಿಹ್ಯದ ಬೇರು ಆ ಲೇಖನದಲ್ಲಿದೆ, ಬರೆದವರು ಅಷ್ಟು ಹೇಳದಿದ್ದರೂ. 1998ರಲ್ಲಿ ಸರ್ಕಾರದ ಐಟಿ ಮೇಳ, 2001ರಲ್ಲಿ ಮುಕ್ತ ತಂತ್ರಾಂಶದವರ 'ಲಿನಕ್ಸ್ ಬ್ಯಾಂಗಲೋರ್' ಶುರುವಾದವು. ಅತುಲ್ ಚಿಟ್ನಿಸ್ ಮುಂದೆ ನಿಂತು ನಡೆಸಿದ ಲಿನಕ್ಸ್ ಸಭೆ ಮುಂದೆ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡಿತು.

ಆಮೇಲೆ ಒಂದೊಂದು ಭಾಷೆಗೂ ಒಂದೊಂದು ಜಾತ್ರೆ. 2009ರ ಸೆಪ್ಟೆಂಬರ್ 26 ಮತ್ತು 27ರಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲ ಪೈಕಾನ್ ಇಂಡಿಯಾ ನಡೆಯಿತು. ಬೆಂಗಳೂರಿನ ಪೈಥಾನ್ ಬಳಗದ ಹುಡುಗರು ಸ್ವಯಂಸೇವಕರಾಗಿ ಕಟ್ಟಿದ ಸಮ್ಮೇಳನ. 1994ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಮೊದಲ ಪೈಥಾನ್ ಕಮ್ಮಟ ನಡೆದಾಗ ಸೇರಿದ್ದವರು ಇಪ್ಪತ್ತರ ಸುಮಾರು ಮಂದಿ. ಹದಿನೈದು ವರ್ಷದಲ್ಲಿ ಭಾಷೆ ಅಷ್ಟು ದೂರ ನಡೆದು ಬಂದಿತ್ತು. 2010ರಲ್ಲಿ ರೂಬಿಯವರು, 2011ರಲ್ಲಿ ಜಾವಾಸ್ಕ್ರಿಪ್ಟಿನವರು, 2014ರಲ್ಲಿ ಫಂಕ್ಷನಲ್ ಭಾಷೆಗಳವರು, 2015ರಲ್ಲಿ ಗೋ ಭಾಷೆಯವರು ಬೆಂಗಳೂರಿನಲ್ಲೇ ಸಭೆ ಸೇರಿದರು. ಈ ಪಟ್ಟಿಗೆ ಸೇರುವ ಇನ್ನೊಂದು ಭಾಷೆ, ಕನ್ನಡನಾಡಿಗೆ ಎಲ್ಲಕ್ಕಿಂತ ಹತ್ತಿರವಾದದ್ದು, ಜೂಲಿಯಾ. ಅದರ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ವಿಜ್ಞಾನಿಗಳಿಗೆ ಒಂದು ಹಳೆಯ ತಲೆನೋವಿತ್ತು. ಯೋಚನೆಯನ್ನು ಬೇಗ ಬರೆದು ನೋಡಲು ಮ್ಯಾಟ್‌ಲ್ಯಾಬ್ ಅಥವಾ ಪೈಥಾನ್ ಸುಲಭ. ಆದರೆ ದೊಡ್ಡ ಲೆಕ್ಕಕ್ಕೆ ಕೂರಿಸಿದರೆ ಅವು ನಿಧಾನ. ಆಗ ಅದನ್ನೇ ಸಿ ಅಥವಾ ಫೋರ್ಟ್ರಾನಿನಲ್ಲಿ ಮತ್ತೊಮ್ಮೆ ಬರೆಯಬೇಕು. ಒಂದೇ ಕೆಲಸಕ್ಕೆ ಎರಡು ಭಾಷೆ, ಎರಡು ಪಾಲು ತಪ್ಪು. ಜೆಫ್ ಬೆಜಾನ್ಸನ್, ಸ್ಟೆಫಾನ್ ಕಾರ್ಪಿನ್ಸ್ಕಿ, ವೈರಲ್ ಷಾ, ಅಲನ್ ಎಡೆಲ್ಮನ್ ಎಂಬ ನಾಲ್ವರು 2009ರಲ್ಲಿ ಕೆಲಸ ಆರಂಭಿಸಿ 2012ರ ಫೆಬ್ರುವರಿ 14ರಂದು ಜೂಲಿಯಾ ಭಾಷೆಯನ್ನು ಪ್ರಕಟಿಸಿದರು. ಬರೆಯಲು ಸುಲಭವಾಗಿರಬೇಕು, ಓಡುವಾಗ ಸಿ ಭಾಷೆಯ ಹತ್ತಿರ ಸುಳಿಯಬೇಕು, ಇದು ಅವರ ಹಟ. ನಾಲ್ವರಲ್ಲಿ ವೈರಲ್ ಷಾ ಆಗ ಅಮೆರಿಕದಿಂದ ಬಂದು ಬೆಂಗಳೂರಿನಲ್ಲಿ ಆಧಾರ್ ಯೋಜನೆಯಲ್ಲಿ ತೊಡಗಿದ್ದವರು. ಹಗಲು ಗುರುತಿನ ಚೀಟಿಯ ಕೆಲಸ, ಉಳಿದ ಹೊತ್ತು ಭಾಷೆಯ ಕೆಲಸ. ಆ ಅನುಭವದ ಮೇಲೆ ನಂದನ್ ನಿಲೇಕಣಿ ಅವರೊಂದಿಗೆ 'ರೀಬೂಟಿಂಗ್ ಇಂಡಿಯಾ' ಎಂಬ ಪುಸ್ತಕವನ್ನೂ 2015ರಲ್ಲಿ ತಂದರು.

ಜೂಲಿಯಾದ ಮೊದಲ ಸಮ್ಮೇಳನ 2014ರಲ್ಲಿ ಶಿಕಾಗೊದಲ್ಲಿ ನಡೆಯಿತು. ಮರುವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿಗೂ ಒಂದು ಜೂಲಿಯಾಕಾನ್ ಬಂತು. ಭಾಷೆಗೆ ಇನ್ನೂ 1.0 ಎಂಬ ಪೂರ್ಣ ಸಂಖ್ಯೆ ದಕ್ಕಿರಲಿಲ್ಲ. ಅದು ಸಿಕ್ಕಿದ್ದು 2018ರ ಆಗಸ್ಟಿನಲ್ಲಿ, ಲಂಡನ್ ಸಮ್ಮೇಳನದ ವೇದಿಕೆಯ ಮೇಲೆ, ಸಭಿಕರ ಎದುರೇ. 2019ರಲ್ಲಿ ಬೆಜಾನ್ಸನ್, ಕಾರ್ಪಿನ್ಸ್ಕಿ, ಷಾ ಮೂವರಿಗೆ ನಾಲ್ಕು ವರ್ಷಕ್ಕೊಮ್ಮೆ ಕೊಡುವ ವಿಲ್ಕಿನ್ಸನ್ ಬಹುಮಾನ ಬಂತು. ಅದೇ ವರ್ಷ ಬಾಲ್ಟಿಮೋರಿನಲ್ಲಿ ಕಾರ್ಪಿನ್ಸ್ಕಿ ಮಾಡಿದ ಭಾಷಣವನ್ನು ಜೂಲಿಯಾ ಬಳಸುವವರು ಈಗಲೂ ಹೊಸಬರಿಗೆ ಮೊದಲು ನೋಡಲು ಹೇಳುತ್ತಾರೆ. ಒಬ್ಬರು ಬರೆದ ಪ್ಯಾಕೇಜು ಇನ್ನೊಬ್ಬರು ಬರೆದದ್ದರೊಂದಿಗೆ ಮುಂಚಿತವಾಗಿ ಮಾತಾಡಿಕೊಳ್ಳದೆಯೂ ಹೊಂದಿಕೊಂಡು ಹೇಗೆ ಕೆಲಸ ಮಾಡುತ್ತದೆ ಎಂಬುದು ಅದರ ವಸ್ತು. ಕೈಪಿಡಿಯಲ್ಲಿ ಇದು ಒಂದು ಅಧ್ಯಾಯ. ಭಾಷಣದಲ್ಲಿ ಅದು ಯಾಕೆ ಮುಖ್ಯ ಎಂಬುದು ತಲೆಗೆ ಹತ್ತುತ್ತದೆ.

ಈ ಸಭೆಗಳ ನಿಜವಾದ ಸತ್ವ ಇರುವುದು ಭಾಷಣ ಮುಗಿದ ಮೇಲೆ. ಕೊನೆಯ ಸ್ಲೈಡ್ ಬಂದು ಮೈಕು ಸಭೆಗೆ ಇಳಿಯುತ್ತದೆ. ಜೂಲಿಯಾದವರಿಗೆ ವರ್ಷಾನುಗಟ್ಟಲೆ ಎದುರಾದ ಪ್ರಶ್ನೆ ಒಂದೇ: ಇಷ್ಟು ವೇಗದ ಭಾಷೆ ಎನ್ನುತ್ತೀರಿ, ಮೊದಲ ಗ್ರಾಫ್ ತೆರೆಯಲು ಇಷ್ಟೇಕೆ ಕಾಯಬೇಕು? ಉತ್ತರ ಹೇಳಿ ಹೇಳಿ ಸಾಕಾಗಿ ಕೊನೆಗೆ ಅವರು ಭಾಷೆಯನ್ನೇ ತಿದ್ದಿದರು. 2023ರ 1.9ನೆಯ ಆವೃತ್ತಿಯಲ್ಲಿ ಒಮ್ಮೆ ಸಿದ್ಧಪಡಿಸಿದ ಯಂತ್ರಸಂಕೇತವನ್ನು ಉಳಿಸಿಟ್ಟುಕೊಳ್ಳುವ ಏರ್ಪಾಡು ಬಂದು ಆ ಕಾಯುವಿಕೆ ಬಹಳಷ್ಟು ಇಳಿಯಿತು. ಪೈಥಾನಿನದೂ ಇದೇ ಪಾಡು. ಏಕಕಾಲಕ್ಕೆ ಒಂದೇ ಎಳೆ ಓಡಲು ಬಿಡುವ ಅದರ ಒಳಬೀಗದ ಬಗ್ಗೆ ಡೇವಿಡ್ ಬೀಜ್ಲಿ 2010ರ ಪೈಕಾನಿನಲ್ಲಿ ಮಾಡಿದ ಭಾಷಣ ಹೆಸರುವಾಸಿ. ಆಮೇಲೂ ಪ್ರತಿ ವರ್ಷ ಯಾರಾದರೊಬ್ಬರು ಎದ್ದು ಅದನ್ನೇ ಕೇಳಿದರು. 2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ ಆ ಬೀಗವಿಲ್ಲದ ಪ್ರಾಯೋಗಿಕ ರೂಪ ಸೇರಿತು. ಕೇಳಿದವರು ಭಾಷೆಯ ಮೇಲೆ ಕೈಗುರುತು ಬಿಡುತ್ತಾರೆ. ಕೇಳದವರು ಬಂದದ್ದನ್ನು ಬಳಸುತ್ತಾರೆ.

ಕಲಬುರಗಿ ಎರಡನೆಯ ಸಾಲಿನಲ್ಲಿ ನಿಂತಿತು. ಭಾಷಣಗಳು ಊರಿಗೆ ಬರಲಿಲ್ಲವೆಂದಲ್ಲ, ಧಾರಾಳವಾಗಿ ಬಂದವು. ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಕಂಪೈಲರ್ ಕುರಿತು ಮಾಡಿದ ಪಾಠಗಳು ಎನ್‌ಪಿಟಿಇಎಲ್ ಎಂಬ ಅಂತರ್ಜಾಲ ಪಾಠಮಾಲೆಯ ಮೂಲಕ ಯಾರು ಬೇಕಾದರೂ ನೋಡುವಂತಾದವು. ಸಮ್ಮೇಳನಗಳು ಯೂಟ್ಯೂಬಿಗೆ ಏರಿದವು. 2016ರ ಬಳಿಕ ಮೊಬೈಲ್ ಡೇಟಾ ಅಗ್ಗವಾದಾಗ ಹಾಸ್ಟೆಲ್ ಮಂಚದ ಮೇಲೆ ಮಲಗಿಯೇ ಶಿಕಾಗೊದ ವೇದಿಕೆ ನೋಡಬಹುದಾಯಿತು. ಆದರೆ ವಿಡಿಯೊದ ಕೊನೆಯಲ್ಲಿ ಮೈಕು ಇಳಿಯುವುದು ಬೇರೆ ಯಾರದೋ ಸಭೆಗೆ. "ಸರ್, ನಂದೊಂದು ಡೌಟ್ ಅದರಿ" ಎನ್ನಬೇಕಾದವನ ಎದುರು ಪರದೆ ಮುಂದಿನ ವಿಡಿಯೊಕ್ಕೆ ಜಾರುತ್ತದೆ. ತರಗತಿಯಂತೂ ಇನ್ನೂ ಹಿಂದೆ. ವಿಟಿಯುವಿನ 2015ರ ಪಠ್ಯಕ್ರಮದಲ್ಲಿ ಪೈಥಾನ್ ಆರನೆಯ ಸೆಮಿಸ್ಟರಿನ ಐಚ್ಛಿಕ ವಿಷಯವಾಯಿತು. ಆ ಬ್ಯಾಚು ಆರನೆಯ ಸೆಮಿಸ್ಟರಿಗೆ ಬರುವಾಗ 2018. ಬೆಂಗಳೂರಿನ ಮೊದಲ ಪೈಕಾನಿಗೆ ಆಗ ಒಂಬತ್ತನೆಯ ವರ್ಷ.

ಸಂದರ್ಶನಗಳು ಈ ಕೊರತೆಯನ್ನು ಅಷ್ಟಿಷ್ಟು ತುಂಬುತ್ತವೆ, ಏಕೆಂದರೆ ಅಲ್ಲಿ ನಮ್ಮ ಪರವಾಗಿ ಇನ್ನೊಬ್ಬರು ಕೇಳುತ್ತಾರೆ. 1986ರಲ್ಲಿ ಸೂಸನ್ ಲ್ಯಾಮರ್ಸ್ ಪ್ರೋಗ್ರಾಮರುಗಳ ಸಂದರ್ಶನಗಳನ್ನು ಪುಸ್ತಕ ಮಾಡಿದರು. 2009ರಲ್ಲಿ ಪೀಟರ್ ಸೀಬೆಲ್ 15 ಮಂದಿಯನ್ನು ಮಾತಾಡಿಸಿ 'ಕೋಡರ್ಸ್ ಅಟ್ ವರ್ಕ್' ತಂದರು. ಅದರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಫ್ರಾನ್ಸಿಸ್ ಅಲೆನ್, ಸಿ ಭಾಷೆ ಬಂದದ್ದರಿಂದ ಕಂಪೈಲರ್ ಸಂಶೋಧನೆ ಹಿಂದಕ್ಕೆ ಬಿತ್ತು ಎಂಬರ್ಥದ ಮಾತು ಹೇಳುತ್ತಾರೆ. ಟರ್ಬೊ ಸಿಯನ್ನೇ ವೇದವೆಂದು ಕಲಿತ ಹುಡುಗ ಹುಡುಗಿಯರಿಗೆ ಇದು ಬೆಚ್ಚಿಬೀಳಿಸುವ ಸಂಗತಿ. ಪಠ್ಯಪುಸ್ತಕದಲ್ಲಿ ಯಾರೂ ಹೀಗೆ ಬರೆಯುವುದಿಲ್ಲ. ಎದುರಿಗೆ ಕುಳಿತು ಕೆದಕುವವರಿದ್ದಾಗ ಮಾತ್ರ ಹೊರಬೀಳುವ ಮಾತು ಇದು. ಖ್ವಾಜಾ ಅವರ ಮಗ ಬರೆದಿಟ್ಟುಕೊಂಡದ್ದೂ ಇಂಥವನ್ನೇ.

ಇನ್ನು ದೂರದ ಮಾತು. ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿದೆ. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆಯಿಂದ ಹೆಸರಾದ ಊರು, ಈಗ ತಾಲ್ಲೂಕು ಕೇಂದ್ರ. ಇದರ ಮೇಲೆ ಹಾಯುವ ಬೀದರ್–ಕಲಬುರಗಿ ರೈಲುಮಾರ್ಗ 1990ರ ದಶಕದ ಕೊನೆಗೆ ಮಂಜೂರಾಗಿ, ಮರಗುತ್ತಿಯ ಬಳಿ ಗುಡ್ಡ ಕೊರೆದು ಸುರಂಗ ಮಾಡಿ, 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 110 ಕಿಲೋಮೀಟರ್. ಅಷ್ಟರೊಳಗೆ ಗೋ ಬಂದಿತ್ತು, ಜೂಲಿಯಾ ಬಂದಿತ್ತು, ಸ್ವಿಫ್ಟ್ ಬಂದಿತ್ತು, ರಸ್ಟ್ 1.0 ಆಗಿತ್ತು. ಕಮಲಾಪುರಕ್ಕೆ ರೈಲು ಬರುವ ಹದಿಮೂರು ವರ್ಷ ಮೊದಲೇ ಲೋಕಕ್ಕೆ ರೂಬಿ ಆನ್ ರೈಲ್ಸ್ ಬಂದಿತ್ತು ಎಂದು ಕೀಟಲೆಯಾಗಿಯೂ ಹೇಳಬಹುದು. ಕಲಬುರಗಿಗೆ ಪ್ರಯಾಣಿಕರ ವಿಮಾನ ಬರತೊಡಗಿದ್ದು 2019ರ ನವೆಂಬರಿನಲ್ಲಿ. ಅಲ್ಲಿಯತನಕ ಬೆಂಗಳೂರಿನ ಎರಡು ದಿನದ ಸಮ್ಮೇಳನವೆಂದರೆ ಎರಡು ರಾತ್ರಿಯ ರೈಲು, ಲಾಡ್ಜಿನ ಬಾಡಿಗೆ, ಅದರ ಮೇಲೆ ಪ್ರವೇಶ ಶುಲ್ಕ.

2020 ಈ ಊರಿಗೆ ವಿಚಿತ್ರವಾದ ವರ್ಷ. ಫೆಬ್ರುವರಿ 5ರಿಂದ ಮೂರು ದಿನ ಎಚ್.ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ 85ನೆಯ ಸಾಹಿತ್ಯ ಸಮ್ಮೇಳನ ವಿಶ್ವವಿದ್ಯಾಲಯದ ಆವರಣದಲ್ಲಿ ಜನಸಾಗರದ ನಡುವೆ ನಡೆಯಿತು. ಮಾರ್ಚ್ 12ರಂದು ದೇಶದ ಮೊದಲ ಕೋವಿಡ್ ಸಾವು ಇದೇ ಜಿಲ್ಲೆಯಿಂದ ವರದಿಯಾಯಿತು. ಸಭೆಗಳೆಲ್ಲ ನಿಂತವು. ಜೂಲಿಯಾಕಾನ್ ಆ ಜುಲೈನಲ್ಲಿ, ಪೈಕಾನ್ ಇಂಡಿಯಾ ಅಕ್ಟೋಬರಿನಲ್ಲಿ ಪರದೆಯ ಮೇಲೆ ನಡೆದವು. ಜೂಲಿಯಾಕಾನಿಗೆ ಶುಲ್ಕವೂ ಇರಲಿಲ್ಲ. ಸಿಗ್ನಲ್ ಇದ್ದರೆ ಕಮಲಾಪುರದ ಮನೆಯಂಗಳದಿಂದಲೇ ಚಾಟ್ ಕಿಂಡಿಯಲ್ಲಿ ಪ್ರಶ್ನೆ ಹಾಕಬಹುದಿತ್ತು, ಬಾಸ್ಟನ್ನಿನವನ ಪ್ರಶ್ನೆಯ ಕೆಳಗೆ, ಅದೇ ಗಾತ್ರದ ಅಕ್ಷರಗಳಲ್ಲಿ. ಕೆಟ್ಟ ಕಾಲ ತೆರೆದ ಒಳ್ಳೆಯ ಬಾಗಿಲು ಅದು. 2022ರಿಂದ ಪೈಕಾನ್ ಇಂಡಿಯಾ ಮತ್ತೆ ಸಭಾಂಗಣಕ್ಕೆ ಹೋಯಿತು. ಮುಖಾಮುಖಿಯ ಸುಖ ದೊಡ್ಡದು, ನಿಜ. ಆದರೂ ಆ ಕಿಂಡಿಯನ್ನು ಅಷ್ಟು ಅವಸರದಲ್ಲಿ ಸಣ್ಣದು ಮಾಡಬೇಕಿರಲಿಲ್ಲ.

ಬಾಗಿಲು ತೆರೆದರೂ ಯಾವ ನುಡಿಯಲ್ಲಿ ಕೇಳುವುದು ಎಂಬ ತೊಡಕು ಉಳಿಯುತ್ತದೆ. ವೇದಿಕೆಯ ನುಡಿ ಇಂಗ್ಲಿಷ್. ಪ್ರಶ್ನೆ ತಲೆಯಲ್ಲಿ ಹುಟ್ಟುವುದು ಕಲಬುರಗಿ ಕನ್ನಡದಲ್ಲಿ, ಇಲ್ಲವೆ ದಖನಿಯಲ್ಲಿ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಕೆಲಸ ಕೆ.ಪಿ. ರಾವ್ ಅವರಿಂದ ಮೊದಲಾಗಿ ಹಲವರು ಮಾಡಿದ್ದಾರೆ. ಭಾಷೆಯನ್ನೇ ಕನ್ನಡಕ್ಕೆ ತರುವ ಪ್ರಯತ್ನವೂ ಆಗಿದೆ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು 1967ರಲ್ಲಿ ಹುಟ್ಟಿದ ಲೋಗೊ ಭಾಷೆಗೆ ಯು.ಬಿ. ಪವನಜ ಕನ್ನಡ ರೂಪ ಕೊಟ್ಟರು. ಆದೇಶಗಳೆಲ್ಲ ಕನ್ನಡದಲ್ಲಿ, ಅದರಂತೆ ಆಮೆ ತೆವಳಿ ಗೆರೆ ಎಳೆಯುತ್ತದೆ. ಎಂಜಿನಿಯರಿಂಗನ್ನೇ ಕನ್ನಡದಲ್ಲಿ ಕಲಿಸಲು 2021ರಲ್ಲಿ ಅನುಮತಿ ಸಿಕ್ಕ ರಾಜ್ಯದ ಕೆಲವೇ ಕಾಲೇಜುಗಳಲ್ಲಿ ಬೀದರ್ ಜಿಲ್ಲೆಯ ಭಾಲ್ಕಿಯದೂ ಒಂದು. ಆದರೆ ಆ ಸೀಟು ಆರಿಸಿಕೊಳ್ಳಲು ವಿದ್ಯಾರ್ಥಿಗಳೇ ಮುಂದೆ ಬರಲಿಲ್ಲ. ಕೆಲಸ ಸಿಗದಿದ್ದರೆ ಎಂಬ ಹೆದರಿಕೆಯನ್ನು ಭಾಷಾಭಿಮಾನದಿಂದ ಗೆಲ್ಲಲಾಗದು. ಉಸ್ಮಾನಿಯಾದವರಿಗೆ ಸರ್ಕಾರಿ ನೌಕರಿಯೇ ಉರ್ದುವಿನಲ್ಲಿತ್ತು, ಅದರ ಬಲದ ಮೇಲೆ ಅವರು ನಡೆಸಿದರು. 1948ರ ಬಳಿಕ ಅಲ್ಲಿಯೂ ಇಂಗ್ಲಿಷೇ ಬಂತು.

ಪೂರ್ತಿ ಕನ್ನಡದ ಭಾಷೆ ಇಲ್ಲದಿದ್ದರೂ ಇದ್ದ ಭಾಷೆಗಳಲ್ಲೇ ಕನ್ನಡಕ್ಕೆ ಒಂದಿಷ್ಟು ಜಾಗ ಉಂಟು, ಇದು ಬಹಳ ಜನರಿಗೆ ಗೊತ್ತಿಲ್ಲ. ಮಾರ್ಟಿನ್ ಫಾನ್ ಲೋವಿಸ್ 2007ರಲ್ಲಿ ಮಂಡಿಸಿದ ಪ್ರಸ್ತಾವದಂತೆ ಪೈಥಾನ್ 3ರಲ್ಲಿ ಹೆಸರುಗಳನ್ನು ಯಾವ ಲಿಪಿಯಲ್ಲಾದರೂ ಇಡಬಹುದು. ಜೂಲಿಯಾದಲ್ಲೂ ಅಷ್ಟೆ. 'ಬೆಲೆ = 40' ಎಂದು ಬರೆದರೆ ಎರಡೂ ಒಪ್ಪುತ್ತವೆ. ಪೈಥಾನಿಗೆ '೧೨೩' ಎಂಬ ಅಕ್ಷರಮಾಲೆ ಕೊಟ್ಟು ಸಂಖ್ಯೆಯಾಗಿ ಪರಿವರ್ತಿಸು ಎಂದರೆ ಸುಮ್ಮನೆ 123 ಎಂದು ಓದಿಕೊಳ್ಳುತ್ತದೆ. ಹೀಗೆ ಖುಷಿಯಲ್ಲಿ ಮುಂದುವರಿದು, ಕಮಲಾಪುರದ ಬಸ್ಸಿನ ಲೆಕ್ಕ ಹಾಕಲು 'ಬಸ್‌ದರ' ಎಂದು ಹೆಸರಿಟ್ಟರೆ ಮಾತ್ರ ಅದು ತಪ್ಪು ಎಂದು ನಿಲ್ಲುತ್ತದೆ. ಸಕಾರಕ್ಕೆ ದಕಾರ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಯೂನಿಕೋಡಿನಲ್ಲಿ ಅದರ ಸಂಖ್ಯೆ 200ಸಿ. ಹೆಸರುಗಳೊಳಗೆ ಅದಕ್ಕೆ ಪೈಥಾನ್ ಪ್ರವೇಶ ಕೊಟ್ಟಿಲ್ಲ. 'ಬಸ್ದರ' ಎಂದು ಒತ್ತು ಕೊಟ್ಟರೆ ಓಡುತ್ತದೆ, ಓದುವವರಿಗೆ ಕಸಿವಿಸಿ. ನ್ಯೂಯಾರ್ಕಿನಲ್ಲಿ ಕುಳಿತವರಿಗೆ ಈ ತೊಂದರೆ ಎದುರಾಗುವುದೇ ಇಲ್ಲ. ಕನ್ನಡ ಟೈಪು ಮಾಡಿ ನೋಡಿದವರೇ ಎದ್ದು ಕೇಳಬೇಕಾದ ಪ್ರಶ್ನೆ ಇದು. ನುಡಿಯ ಒಳಭೇದಗಳನ್ನು ಪಟ್ಟಿ ಮಾಡಲು ವಾಸುಕಿಗೂ ಬೇಸರವಾದೀತು ಎಂದ ಮಳಖೇಡದ ಕವಿರಾಜಮಾರ್ಗಕಾರನಿಗೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು.

ಕೇಳಲು ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ಪೈಕಾನ್ ಇಂಡಿಯಾ ಊರೂರು ತಿರುಗುವ ಸಮ್ಮೇಳನ. 2018ರಲ್ಲಿ ಅದು ಹೈದರಾಬಾದಿನಲ್ಲಿ ನಡೆಯಿತು, 2023ರಲ್ಲಿ ಮತ್ತೊಮ್ಮೆ ಅಲ್ಲಿಯೇ. 2024ರಲ್ಲಿ ಬೆಂಗಳೂರಿಗೆ ಹಿಂದಿರುಗಿತು. ಕಲಬುರಗಿಯಿಂದ ಹೈದರಾಬಾದಿಗೆ ಇರುವ ದೂರ ಬೆಂಗಳೂರಿನ ದೂರದ ಅರ್ಧಕ್ಕಿಂತ ಕಡಿಮೆ. ವಾಡಿಯಲ್ಲಿ ತಿರುಗಿ ತಾಂಡೂರು, ವಿಕಾರಾಬಾದ್ ದಾಟುವ ಆ ಹಳಿಯನ್ನು ನಿಜಾಮರು 1874ರಲ್ಲೇ ಹಾಕಿಸಿದ್ದರು. ಬೆಳಗಿನ ಗಾಡಿ ಹತ್ತಿದರೆ ಮಧ್ಯಾಹ್ನದ ಗೋಷ್ಠಿಗಳ ಹೊತ್ತಿಗೆ ಅಲ್ಲಿರಬಹುದು.